ಮೂವತ್ತೆರಡು ಮನೆಯ ತುಳಸಿ

ನಮ್ಮ ಮನೆಯಲ್ಲಿ ಹೆಂಗಸರು ತುಳಸಿ ಬಿಡಿಸುವ ಹಾಗಿಲ್ಲ. ನೀರು ಹಾಕಬಹುದು, ದೀಪ ಹಚ್ಚಬಹುದು, ಪ್ರದಕ್ಷಿಣೆ ಬರಬಹುದು, ರಂಗೋಲಿ ಹಾಕಿ ಹಾಕಿ ಸೊಂಟ ಹಿಡಿಸಿಕೊಳ್ಳಬಹುದು. ಎಲೆ ಬಿಡಿಸುವುದು ಮಾತ್ರ ಗಂಡಸರ ಕೆಲಸ. ಅದೂ ಸ್ನಾನವಾದ ಮೇಲೆ, ಮಧ್ಯಾಹ್ನದೊಳಗೆ. ಮಂಗಳವಾರ, ಶುಕ್ರವಾರ, ಭಾನುವಾರ ಬಿಟ್ಟು. ದ್ವಾದಶಿಯಂದು ಯಾರೂ, ಯಾವ ಕಾರಣಕ್ಕೂ ಮುಟ್ಟುವಂತಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಇದನ್ನು ಪ್ರಶ್ನೆ ಮಾಡಿದವಳಲ್ಲ. ಬೆಳಗಿನ ಗಡಿಬಿಡಿಯಲ್ಲಿ ಒಂದು ಕೆಲಸ ಕಡಿಮೆಯಾಯಿತಲ್ಲ ಎಂದು ಒಳಗೊಳಗೇ ಖುಷಿಯೇ ಇತ್ತು. ಮುಂದೊಂದು ದಿನ ತುಳಸಿ ಎಲೆಯೇ ನನ್ನ ಉದ್ಯೋಗವಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಮಗಳು ಹುಟ್ಟಿದ ಮೇಲೆ ಹನ್ನೆರಡು ವರ್ಷ ಆ ಸರ್ಟಿಫಿಕೇಟು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಆರಾಮವಾಗಿ ಮಲಗಿತ್ತು. ಅದನ್ನು ಎಬ್ಬಿಸಿದವರು ನನ್ನ ಮಾವನವರು. ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ದುಡಿದು ನಿವೃತ್ತರಾದವರು, ಚೆನ್ನೈನ ಕ್ರೋಂಪೇಟೆಯ ನಮ್ಮ ಮನೆಯ ವರಾಂಡದಲ್ಲಿ ಕೂತು ದಿನಪತ್ರಿಕೆಯನ್ನು ಟೆಂಡರ್ ನೋಟೀಸಿನವರೆಗೂ ಓದುವವರು. ಒಂದು ದಿನ ಪೋರೂರಿನ ಯಾವುದೋ ಸಣ್ಣ ಸಂಶೋಧನಾ ಲ್ಯಾಬಿಗೆ ಪ್ರಾಜೆಕ್ಟ್ ಅಸಿಸ್ಟೆಂಟ್ ಬೇಕೆಂಬ ಜಾಹೀರಾತನ್ನು ಕತ್ತರಿಸಿ ತಂದು ಒಲೆಯ ಪಕ್ಕ ಇಟ್ಟರು.

"ಓದಿದ್ದನ್ನ ಜಾಡೀಲಿ ಹಾಕಿ ಬಟ್ಟೆ ಕಟ್ಟಿಡಕ್ಕೆ ಅದೇನು ಉಪ್ಪಿನಕಾಯಾ? ಅಪ್ಲೈ ಮಾಡಮ್ಮ. ಸುಮ್ಮಾ ಒಂದು ಅಪ್ಲೈ ಮಾಡು."

ಸುಮ್ಮಾ ಮಾಡಿದೆ. ಸಿಕ್ಕೇಬಿಟ್ಟಿತು.

ಲ್ಯಾಬಿನ ಮುಖ್ಯಸ್ಥೆ ನನಗಿಂತ ಐದಾರು ವರ್ಷಕ್ಕೆ ದೊಡ್ಡವರಿರಬಹುದು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಧ್ವನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಅದಕ್ಕೇ ಎಲ್ಲರಿಗೂ ಹೆದರಿಕೆ. ನನ್ನ ಹನ್ನೆರಡು ವರ್ಷದ ಬಿಡುವನ್ನು ನೋಡಿ, ಆರು ತಿಂಗಳು ನೋಡೋಣ, ಸರಿಹೋದರೆ ಮುಂದುವರಿಸೋಣ ಎಂದರು. ಕೆಲಸ ಇಷ್ಟು: ಚೆನ್ನೈನ ಮನೆಮನೆಯ ಕುಂಡಗಳಲ್ಲಿ ಇರುವ ತುಳಸಿ ಎಲ್ಲ ಒಂದೇ ಕುಲದ್ದೋ, ಕೃಷ್ಣತುಳಸಿ ರಾಮತುಳಸಿ ಎಂದು ಕರೆಯುವುದು ಬೇರೆ ಬೇರೆಯೋ, ಬೆರಕೆಯಾಗಿವೆಯೋ ಎಂದು ನೋಡುವುದು. ಅದಕ್ಕೆ ಮೂವತ್ತೆರಡು ಮನೆಯ ಎಲೆ ಬೇಕು, ಪ್ರತಿ ಎಲೆಯಿಂದ ಶುದ್ಧವಾದ ಡಿಎನ್‌ಎ ತೆಗೆಯಬೇಕು. ತುಳಸಿ ಎಂದ ಕೂಡಲೇ ನನಗೆ ದೇವರೇ ಕೆಲಸ ಕಳಿಸಿದ ಹಾಗನ್ನಿಸಿತು.

ಎಲೆ ತರುವವರು ಯಾರು? ನಾನು ಬಿಡಿಸುವಂತಿಲ್ಲ. ಗುರುತಿಲ್ಲದವಳು ಹೋಗಿ ಕೇಳಿದರೆ ಈ ಊರಿನಲ್ಲಿ ತುಳಸಿ ಯಾರೂ ಕೊಡುವುದೂ ಇಲ್ಲ. ಮಾವನವರಿಗೆ ಹೇಳಿದ್ದೇ ತಡ, ಮುಖ ಇಷ್ಟಗಲವಾಯಿತು.

"ಮೂವತ್ತೆರಡು ಮನೆ ತಾನೆ? ನಮ್ಮ ಭಜನೆಯವರದ್ದೇ ನಲವತ್ತಿದೆ. ಬೇಡವಾದ್ದನ್ನ ನಾವೇ ಕ್ಯಾನ್ಸಲ್ ಮಾಡೋಣ."

ಅಂದಿನಿಂದ ಅವರಿಗೆ ಪಾರ್ಸೆಲ್ ಆಫೀಸು ಮತ್ತೆ ತೆರೆದ ಹಾಗಾಯಿತು. ಗೋಡೆಯ ಮೇಲೆ ಪಂಚಾಂಗದ ಪಕ್ಕದಲ್ಲೇ ನನ್ನ ಲ್ಯಾಬಿನ ಕ್ಯಾಲೆಂಡರ್ ತೂಗುಬಿತ್ತು. ಎರಡೂ ಒಪ್ಪಿದ ದಿನಕ್ಕೆ ಕೆಂಪು ಪೆನ್ನಿನಲ್ಲಿ ಟಿಕ್ಕು. ಬೆಳಿಗ್ಗೆ ಐದಕ್ಕೆ ಸ್ನಾನ ಮಾಡಿ, ಪಂಚೆ ಉಟ್ಟು ಹೊರಟರೆ ಏಳಕ್ಕೆ ಎರಡು ಮನೆಯ ತುಳಸಿ ನನ್ನ ಕೈಯಲ್ಲಿ ಇರುತ್ತಿತ್ತು. ಚಿಕ್ಕ ಸ್ಟೀಲ್ ಡಬ್ಬಿ, ಅದಕ್ಕೆ ದಾರ ಕಟ್ಟಿದ ಚೀಟಿ, ಚೀಟಿಯಲ್ಲಿ ಮನೆಯ ನಂಬರು, ಗಂಟೆ, ತಿಥಿ, ನಕ್ಷತ್ರ. ಡಿಎನ್‌ಎಗೆ ನಕ್ಷತ್ರ ಬೇಡ ಮಾವ ಎಂದರೆ, "ಇರಲಿ, ಎಕ್ಸ್‌ಟ್ರಾ ಇನ್ಫರ್ಮೇಷನ್" ಎನ್ನುತ್ತಿದ್ದರು.

ಎಲೆಯಿಂದ ಡಿಎನ್‌ಎ ತೆಗೆಯುವುದು ಬರವಣಿಗೆಯಲ್ಲಿ ಬಲು ಸುಲಭ. ಎಲೆಯನ್ನು ಹೊಗೆಯಾಡುವಷ್ಟು ತಣ್ಣಗಿರುವ ದ್ರವ ನೈಟ್ರೋಜನ್ ಹಾಕಿ ಕುಟ್ಟಾಣಿಯಲ್ಲಿ ಹಿಟ್ಟುಮಾಡಬೇಕು. ಬಿಸಿ ಬಿಸಿ ಸೋಪಿನಂಥ ದ್ರಾವಣದಲ್ಲಿ ನೆನೆಸಬೇಕು. ಕ್ಲೋರೋಫಾರಂ ಹಾಕಿ ಕುಲುಕಿ, ಮೆಷೀನಿನಲ್ಲಿ ಗಿರ್ರೆಂದು ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಬೇರೆ ಮಾಡಿ, ತಣ್ಣನೆಯ ಆಲ್ಕೋಹಾಲ್ ಬೆರೆಸಿದರೆ ಟ್ಯೂಬಿನೊಳಗೆ ಬಿಳೀ ಎಳೆ ಎದ್ದು ಬರುತ್ತದೆ. ಅದೇ ಡಿಎನ್‌ಎ. ಪಕ್ಕದ ಬೆಂಚಿನ ಹುಡುಗಿ ಭತ್ತದ ಎಲೆಯಿಂದ ಹಾಡು ಗುನುಗುತ್ತಾ ತೆಗೆದುಬಿಡುತ್ತಿದ್ದಳು.

ನನಗೆ ಬಂದದ್ದು ಕಾಫಿ ಡಿಕಾಕ್ಷನ್ನಿನ ಗಸಿ. ಕಂದು ಬಣ್ಣ, ಅಂಟಂಟು, ಮೇಲೊಂದು ಲೋಳೆ. ಅಳೆಯುವ ಯಂತ್ರಕ್ಕೆ ಒಂದು ಹನಿ ಕೊಟ್ಟರೆ ಅದು ತೋರಿಸುವ ಅಂಕಿ ನೋಡಿ ನನಗೇ ನಾಚಿಕೆಯಾಗುತ್ತಿತ್ತು.

ತುಳಸಿಯ ತೊಂದರೆಯೇ ಅದು. ಯಾವ ಗುಣಕ್ಕೆ ನಾವು ಅದನ್ನು ಕೆಮ್ಮಿಗೆ ನೆಗಡಿಗೆ ಕಷಾಯ ಮಾಡಿ ಕುಡಿಯುತ್ತೇವೋ ಅದೇ ಗುಣ ಇಲ್ಲಿ ಕಾಟ ಕೊಡುತ್ತದೆ. ಎಲೆ ತನ್ನ ಔಷಧವನ್ನೆಲ್ಲ ಒಳಗೆ ಬೇರೆ ಬೇರೆ ಕೋಣೆಗಳಲ್ಲಿ ಇಟ್ಟುಕೊಂಡಿರುತ್ತದೆ. ಎಲೆ ನಲುಗಿತೋ, ಕೋಣೆಗಳು ಒಡೆದು ಎಲ್ಲ ಗಾಳಿಗೆ ಸಿಕ್ಕಿ, ಹೆಚ್ಚಿಟ್ಟ ಬದನೆಕಾಯಿಯಂತೆ ಕಪ್ಪಾಗುತ್ತದೆ. ಆ ಕಪ್ಪು ಹೋಗಿ ಡಿಎನ್‌ಎಗೆ ಅಂಟಿಕೊಂಡರೆ ಮುಗಿಯಿತು, ಬಿಡಿಸಲು ಬರುವುದಿಲ್ಲ.

ಮದ್ದುಗಳಿದ್ದವು. ಕಪ್ಪನ್ನು ಹೀರಿಕೊಳ್ಳುವ ಒಂದು ಬಿಳೀ ಪುಡಿ, ಲೋಳೆಯನ್ನು ಬಿಡಿಸಲು ಜಾಸ್ತಿ ಉಪ್ಪು, ಕಪ್ಪಾಗುವುದನ್ನು ತಡೆಯಲು ಕೊಳೆತ ಮೊಟ್ಟೆಯಂತೆ ನಾರುವ ಒಂದು ದ್ರವ. ಒಂದೊಂದನ್ನೂ ಹೆಚ್ಚಿಸಿ ನೋಡಿದೆ, ಕಡಿಮೆ ಮಾಡಿ ನೋಡಿದೆ. ಎರಡು ಸಲ ತೊಳೆದೆ, ನಾಲ್ಕು ಸಲ ತೊಳೆದೆ. ಗಸಿ ಸ್ವಲ್ಪ ತಿಳಿಯಾಯಿತೇ ಹೊರತು ಬಿಳಿಯಾಗಲಿಲ್ಲ. ಸಂಜೆ ಮನೆಗೆ ಬಂದರೆ ಮಗಳು ಮೂಗು ಮುಚ್ಚಿಕೊಂಡು ತಮಿಳಿನಲ್ಲಿ, "ಅಮ್ಮಾ, ನಾರುದು, ಕಿಟ್ಟ ವರಾದೇ!" ಎಂದು ಕೂಗುತ್ತಿದ್ದಳು. ಹತ್ತಿರ ಬರಬಾರದಂತೆ. ಕನ್ನಡದಲ್ಲಿ ಹೇಳೇ ಎಂದರೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

ಮಾವನವರು ಮಾತ್ರ ದಿನವೂ ಕೇಳುತ್ತಿದ್ದರು. "ಬಂತೇನಮ್ಮ?"

"ಇಲ್ಲ ಮಾವ. ನನ್ನ ಕೈಗುಣವೇ ಸರಿಯಿಲ್ಲ ಅನ್ಸತ್ತೆ."

"ಕೈಗೇನಾಗಿದೆ? ನಾಳೆ ಇನ್ನೂ ಫ್ರೆಶ್ಶಾಗಿ ತಂದ್ಕೊಡ್ತೀನಿ ಬಿಡು."

ಐದನೆಯ ತಿಂಗಳು ಮುಗಿಯುತ್ತಾ ಬಂದಾಗ ಮೇಡಂ ಕರೆದರು. ಅದೇ ತಣ್ಣನೆಯ ಧ್ವನಿಯಲ್ಲಿ, ಮುಂದಿನ ತಿಂಗಳ ಕೊನೆಯ ಶನಿವಾರದೊಳಗೆ ಮೂವತ್ತೆರಡೂ ಬರದಿದ್ದರೆ ಕೆಲಸವನ್ನು ಭತ್ತದ ಹುಡುಗಿಗೆ ಕೊಡಬೇಕಾಗುತ್ತದೆ, ನನ್ನನ್ನು ಮುಂದುವರಿಸಲು ಆಗುವುದಿಲ್ಲ ಎಂದರು. ತಪ್ಪೇನೂ ಇಲ್ಲ, ನ್ಯಾಯವಾದ ಮಾತು. ನಾನು ಸರಿ ಮೇಡಂ ಎಂದು ಹೇಳಿ ಹೊರಗೆ ಬಂದು ನೀರಿನ ಫಿಲ್ಟರಿನ ಮುಂದೆ ನಿಂತು ಮೂರು ಲೋಟ ನೀರು ಕುಡಿದೆ.

ಈ ಕೆಲಸ ನನಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಕುತ್ತಿಗೆಯ ಐಡಿ ಕಾರ್ಡನ್ನು ಕ್ರೋಂಪೇಟೆ ಮಾರುಕಟ್ಟೆಯಲ್ಲಿ ಕರಿಬೇವು ಕೊಳ್ಳುವಾಗಲೂ ತೆಗೆಯುತ್ತಿರಲಿಲ್ಲ. ಹನ್ನೆರಡು ವರ್ಷ ಯಾರದೋ ಅಮ್ಮ, ಯಾರದೋ ಸೊಸೆ ಆಗಿದ್ದವಳಿಗೆ ಬಸ್ಸಿನಲ್ಲಿ ಇಂಜಿನ್ನಿನ ಮೇಲಿನ ಬಿಸಿ ಸೀಟೂ ಸಿಂಹಾಸನವಾಗಿತ್ತು.

ನಮ್ಮ ಲ್ಯಾಬಿಗೆ ನೈಟ್ರೋಜನ್ ಬರುವುದು ಬುಧವಾರ. ಆ ವಾರ ಬುಧವಾರವೇ ದ್ವಾದಶಿ. ಮಾವನವರು ಕೈ ಎತ್ತಿಬಿಟ್ಟರು.

"ಇವತ್ತು ಆಗಲ್ಲಮ್ಮ. ಮೊನ್ನೆ ಸೋಮವಾರವೇ ಹೇಳಿದ್ರೆ ದೇವರಿಗೆ ತೆಗೆದಿಟ್ಟಾಗಲೇ ನಿನಗೂ ತೆಗೆದಿಡ್ತಿದ್ನಲ್ಲ?"

ಬರಿಗೈಯಲ್ಲಿ ಲ್ಯಾಬಿಗೆ ಹೋದೆ. ಒಂದು ದಿನ ವ್ಯರ್ಥ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕ್ಯಾಂಟೀನಿನ ಹಿಂದೆ ಒಂದು ಹಳೆಯ ಪೇಂಟ್ ಬಕೆಟ್ಟಿನಲ್ಲಿ ಯಾರೋ ನೆಟ್ಟ ತುಳಸಿ ಪೊದೆಯಾಗಿ ಬೆಳೆದಿತ್ತು. ಅದರ ಮುಂದೆ ನಿಂತು ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಹೆಂಗಸು, ಅದೂ ದ್ವಾದಶಿ. ತಪ್ಪಾಯಿತು ತಾಯಿ ಎಂದು ಬಾಯಲ್ಲಿ ಹೇಳುತ್ತಲೇ ಕೈಯಲ್ಲಿ ಹತ್ತು ಎಲೆ ಬಿಡಿಸಿ, ಜೇಬಿನಲ್ಲಿದ್ದ ಕಾಗದದ ಕವರಿಗೆ ಹಾಕಿಕೊಂಡು ಓಡಿದೆ. ಹತ್ತು ನಿಮಿಷದೊಳಗೆ ಅದು ಕುಟ್ಟಾಣಿಯಲ್ಲಿತ್ತು.

ಮಧ್ಯಾಹ್ನ ಊಟಕ್ಕೆ ಮೊದಲು ಟ್ಯೂಬಿಗೆ ಆಲ್ಕೋಹಾಲ್ ಹಾಕಿ ನಿಧಾನವಾಗಿ ತಲೆಕೆಳಗು ಮಾಡಿದೆ. ಬಿಳೀ ಎಳೆ. ಅಚ್ಚ ಬಿಳಿ. ಶ್ಯಾವಿಗೆಗಿಂತ ಸಣ್ಣಗೆ, ಗುಂಗುರು ಗುಂಗುರಾಗಿ ತೇಲುತ್ತಿತ್ತು. ನಾನು ಕಿರುಚಿದ ರಭಸಕ್ಕೆ ಭತ್ತದ ಹುಡುಗಿ ಕೈಯಲ್ಲಿದ್ದದ್ದನ್ನು ಕೆಳಗೆ ಹಾಕಿ, ಏನು ಆಸಿಡ್ ಚೆಲ್ಲಿಕೊಂಡಿರಾ ಎಂದು ಓಡಿಬಂದಳು.

ಖುಷಿ ಒಂದು ಗಂಟೆ ಇತ್ತು. ಆಮೇಲೆ ತಲೆ ಕೊರೆಯತೊಡಗಿತು. ಅದೇ ಕೈ, ಅದೇ ಮದ್ದು, ಅದೇ ಮೆಷೀನು. ತುಳಸಿಯೂ ತುಳಸಿಯೇ. ಹಾಗಾದರೆ ಬೇರೆ ಏನು?

ಮರುದಿನ ಮಾವನವರು ಕೊಟ್ಟ ಡಬ್ಬಿಯನ್ನು ಲ್ಯಾಬಿನಲ್ಲಿ ತೆರೆದಾಗ ಗೊತ್ತಾಯಿತು. ಮುಚ್ಚಳ ತೆಗೆಯುತ್ತಲೇ ಘಮ್ಮೆಂದು ವಾಸನೆ, ಮುಚ್ಚಳದ ಒಳಗೆಲ್ಲ ಹಬೆಯ ಹನಿ. ಒದ್ದೆ ಬಿಳೀ ಬಟ್ಟೆಯ ಮಡಿಕೆಯೊಳಗೆ ಮೂರು ಸಲ ತೊಳೆದ ತುಳಸಿ, ದೇವರ ಪೆಟ್ಟಿಗೆಯಲ್ಲಿ ಇರುವ ಹಾಗೇ. ಐದು ತಿಂಗಳಿಂದ ಹೀಗೇ ಬರುತ್ತಿತ್ತು. ಐದು ತಿಂಗಳಿಂದ ನಾನು ಆ ಘಮವನ್ನು ಆಹಾ ಎಂದು ಮೂಸಿ, ಎಂಥ ತಾಜಾ ಎಲೆ ಎಂದುಕೊಂಡು ಕುಟ್ಟುತ್ತಿದ್ದೆ. ಎಲೆ ನಲುಗದೆ ಅಷ್ಟು ಘಮ ಬರುವುದಿಲ್ಲ ಎಂದು ಎಂ.ಎಸ್ಸಿ. ಓದಿದ ನನಗೆ ಹೊಳೆಯಲೇ ಇಲ್ಲ. ತೊಳೆದು, ಒದ್ದೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಮುಚ್ಚಿ, ಚೆನ್ನೈ ಬಿಸಿಲಿನಲ್ಲಿ ಬಸ್ಸಿನ ಇಂಜಿನ್ನಿನ ಮೇಲೆ ಕೂರಿಸಿಕೊಂಡು ಪೋರೂರಿಗೆ ಬರುವಷ್ಟರಲ್ಲಿ ಎಲೆ ಅರ್ಧ ಬೆಂದಿರುತ್ತಿತ್ತು. ಅಂಚು ಕಪ್ಪಾಗಿದ್ದದ್ದು ಎದುರಿಗೇ ಕಾಣುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ತುಳಸಿ ಹಾಗೇ ಇದ್ದದ್ದರಿಂದ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ತಾಜಾ ಎಂದರೆ ನಮ್ಮ ಮನೆಯಲ್ಲಿ ಒದ್ದೆ ಎಂದೇ ಅರ್ಥ.

ಶುಕ್ರವಾರ ಮತ್ತೆ ಬಕೆಟ್ಟಿನ ತುಳಸಿಯ ಹತ್ತಿರ ಹೋದೆ. ಒಮ್ಮೆ ಜಾರಿದವಳಿಗೆ ಶುಕ್ರವಾರವೇನು, ದ್ವಾದಶಿಯೇನು. ಒಂದು ಪಾಲನ್ನು ಹಾಗೇ ಕುಟ್ಟಿದೆ. ಇನ್ನೊಂದು ಪಾಲನ್ನು ತೊಳೆದು ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಕಿಟಕಿಯ ಬಿಸಿಲಿನಲ್ಲಿ ಎರಡು ಗಂಟೆ ಇಟ್ಟು ಆಮೇಲೆ ಕುಟ್ಟಿದೆ. ಒಂದು ಬಿಳಿ, ಒಂದು ಕಂದು. ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

ಮೇಡಂಗೆ ಹೇಳುವುದು ಸುಲಭವಾಯಿತು. ಅವರು ಎರಡೂ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ, ಒಳ್ಳೆಯದು, ಹಾಗಾದರೆ ಮೂವತ್ತೆರಡು ಮನೆಯದ್ದೂ ಮತ್ತೆ ತನ್ನಿ, ತಾರೀಖು ಅದೇ ಎಂದರು. ಕಷ್ಟವಿದ್ದದ್ದು ಮನೆಯಲ್ಲಿ. ಅಷ್ಟೂ ಮನೆಗೆ ಮತ್ತೆ ಹೋಗಬಲ್ಲವರು ಒಬ್ಬರೇ. ಅವರಿಗೆ ನಾನು ಹೋಗಿ, ನೀವು ಭಕ್ತಿಯಿಂದ ತೊಳೆದದ್ದೇ ಎಲ್ಲ ಕೆಡಿಸಿತು ಎನ್ನಬೇಕು. ಒಂದು ದಿನವಿಡೀ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಓಡಾಡಿದೆ. ಮೆಷೀನು ಕೆಟ್ಟಿತ್ತು ಎಂದು ಸುಳ್ಳು ಹೇಳಿ ನೋಡೋಣವೇ ಎಂದೂ ಯೋಚಿಸಿದೆ. ಆದರೆ ಸುಳ್ಳು ಹೇಳಿದರೆ ಎಲೆ ಮತ್ತೆ ತೊಳೆದೇ ಬರುತ್ತದೆ.

ಭಾನುವಾರ ಬೆಳಿಗ್ಗೆ ವರಾಂಡದಲ್ಲಿ ಹೇಳಿದೆ. ಅವರು ಪೇಪರನ್ನು ಕೆಳಗಿಳಿಸಿ ಪೂರ್ತಿ ಕೇಳಿದರು.

"ಅಂದ್ರೆ ನಾನು ತಂದ ಎಲೇನೇ ಕೆಟ್ಟಿದ್ದು."

"ಎಲೆ ಕೆಟ್ಟಿರಲಿಲ್ಲ ಮಾವ, ಒದ್ದೇಲಿ ಇಟ್ಟು ಕೆಟ್ಟಿತು. ನೀವು ಮನೇಲಿ ಮಾಡೋ ಹಾಗೇ ಮಾಡಿದ್ರಿ. ನೋಡಬೇಕಾದ್ದು ನಾನು. ನೋಡ್ಲಿಲ್ಲ."

"ಐದು ತಿಂಗಳು?"

"ಹೂಂ."

"ಆ ಕ್ಯಾಂಟೀನಿಂದು ಯಾರು ಬಿಡಿಸಿದ್ದು?"

"ನಾನೇ."

"ಬುಧವಾರ?"

"ಬುಧವಾರ."

ಪಂಚಾಂಗ ಬಾಯಿಪಾಠವಿದ್ದವರಿಗೆ ನಾನು ಬೇರೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ಪೇಪರನ್ನು ನಾಲ್ಕು ಮಡಿಕೆ ಮಡಿಸಿ ಕುರ್ಚಿಯ ಮೇಲಿಟ್ಟು ಒಳಗೆ ಹೋದರು. ಮಧ್ಯಾಹ್ನ ಸಾರನ್ನ ತಿಂದು, ಮಜ್ಜಿಗೆಗೆ ಕಾಯದೆ ಎದ್ದರು. ನಾನು ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಅತ್ತುಬಿಟ್ಟೆ. ನನ್ನನ್ನು ಕೆಲಸಕ್ಕೆ ಕಳಿಸಿದವರೇ ಅವರು. ಆ ಕೆಲಸ ಉಳಿಸಿಕೊಳ್ಳಲು ಅವರ ಮನಸ್ಸನ್ನೇ ನೋಯಿಸಬೇಕಾಯಿತು ಎಂದು ತುಂಬ ಬೇಸರವಾಯಿತು.

ನಾಲ್ಕು ಗಂಟೆಗೆ ಕಾಫಿ ಕೊಟ್ಟಾಗ ಲೋಟ ತೆಗೆದುಕೊಂಡು, ನನ್ನ ಮುಖ ನೋಡದೆ ಕೇಳಿದರು.

"ಯಾವ ಕವರ್ ಬೇಕು? ಪ್ಲಾಸ್ಟಿಕ್ ಪರವಾಗಿಲ್ವಾ?"

"ಇಲ್ಲ ಮಾವ, ಪ್ಲಾಸ್ಟಿಕ್‌ಲಿ ಬೆವರತ್ತೆ. ಕಾಗದದ್ದೇ ಆಗಬೇಕು."

"ಸ್ನಾನ ಮಾಡಿ ಬಿಡಿಸಬಹುದು ತಾನೆ? ಅದರಿಂದ ನಿನ್ನ ಡಿಎನ್‌ಎಗೆ ಏನೂ ತೊಂದ್ರೆ ಇಲ್ವಲ್ಲ?"

"ಏನೂ ಇಲ್ಲ."

"ಮಂಗಳವಾರ, ಶುಕ್ರವಾರ, ಭಾನುವಾರ, ದ್ವಾದಶಿ ಎಲ್ಲ ಬಿಟ್ಟೂ ಎಂಟು ದಿನ ಸಿಗತ್ತೆ. ದಿನಕ್ಕೆ ನಾಲ್ಕು ಮನೆ. ಆಗತ್ತೆ."

ಚಪ್ಪಲಿ ಮೆಟ್ಟಿ ಸ್ಟೇಷನರಿ ಅಂಗಡಿಗೆ ಹೋದರು.

ನಾನು ಲ್ಯಾಬಿನಿಂದ ಒಣಗಿಸುವ ಹರಳುಗಳನ್ನು ತಂದುಕೊಟ್ಟೆ. ತೇವ ಹೀರುವ ತನಕ ನೀಲಿ, ಹೀರಿ ಮುಗಿದರೆ ಗುಲಾಬಿ. ಅದು ಅವರಿಗೆ ಬಹಳ ಹಿಡಿಸಿತು. ನೀಲಿ ಇದ್ದರೆ ಗಾಡಿ ಹೊರಡಬಹುದು, ಗುಲಾಬಿ ಆದರೆ ಸಿಗ್ನಲ್ ಇಲ್ಲ ಎಂದು ತಾವೇ ಒಂದು ನಿಯಮ ಮಾಡಿಕೊಂಡರು. ನನ್ನ ಜೊತೆ ಮಾತು ಮೊದಲಿನಷ್ಟಿರಲಿಲ್ಲ. ಆದರೆ ಏಳು ಗಂಟೆಗೆ ಸರಿಯಾಗಿ ಊಟದ ಮೇಜಿನ ಮೇಲೆ ನಾಲ್ಕು ಕಾಗದದ ಕವರು ಇರುತ್ತಿದ್ದವು, ಒಣ ಒಣವಾಗಿ. ಚೀಟಿಯಲ್ಲಿ ನಕ್ಷತ್ರ ಹಾಗೇ ಇತ್ತು. ಲ್ಯಾಬಿನಲ್ಲಿ ಒಂದಾದ ಮೇಲೊಂದು ಬಿಳೀ ಎಳೆ ಎದ್ದು ಬಂತು. ಎಂಟನೆಯ ದಿನಕ್ಕೆ ಮೂವತ್ತೊಂದಾಯಿತು.

ಉಳಿದದ್ದು ಸೌಕಾರ್‌ಪೇಟೆಯ ಮನೆ. ಹಳೇ ಪಟ್ಟಣದಿಂದ ನಮಗಿದ್ದದ್ದು ಅದೊಂದೇ, ಅದನ್ನು ಬಿಡಲು ಮೇಡಂ ಒಪ್ಪಲಿಲ್ಲ. ಆ ಮನೆಯ ಯಜಮಾನರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಮಾವನವರಿಗಿಂತ ಹತ್ತು ವರ್ಷ ಹಿರಿಯರು, ಭಜನೆಗೆ ತಾಳ ಹಿಡಿಯಲು ಕಲಿಸಿದವರೇ ಅವರು. ಫೋನಿನಲ್ಲಿ, ತೊಳೆಯದ ತುಳಸಿ ನನ್ನ ಮನೆಯಿಂದ ಹೊರಗೆ ಹೋಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಮೇಡಂ ಕೊಟ್ಟ ಶನಿವಾರದ ಬೆಳಿಗ್ಗೆ ಮಾವನವರು ನನ್ನನ್ನೂ ಹೊರಡಿಸಿದರು. "ನೀನೂ ಬಾ. ಸೈನ್ಸ್ ಕೇಳಿದ್ರೆ ನೀನು ಹೇಳು."

ಆ ಎಲೆಯಿಂದಲೂ ಡಿಎನ್‌ಎ ಬಂತು, ಅಂದು ಸಂಜೆ ಮೇಡಂ ನನ್ನ ಫಾರ್ಮಿಗೆ ಸಹಿಯನ್ನೂ ಹಾಕಿದರು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಓದುವವರಿಗೆ ಯಾಕೆ ಸುಮ್ಮನೆ ಆತಂಕ.

ಲೋಕಲ್ ಟ್ರೈನಿನಲ್ಲಿ ಪಾರ್ಕ್ ಸ್ಟೇಷನ್ನಿಗೆ ಬಂದು ಆಟೋ ಹಿಡಿದೆವು. ದಾರಿಯುದ್ದಕ್ಕೂ ನಾನು ಬಾಯಲ್ಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದೆ, ಕೋಣೆ, ಗಾಳಿ, ಬದನೆಕಾಯಿ ಎಂದು. ಗಾಡಿಗಳ ನಡುವೆ ನುಸುಳಿ, ಬಟ್ಟೆ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿ ಮೂರನೆಯ ಮಹಡಿಯ ತಾರಸಿಗೆ ಬಂದೆವು. ಏಸಿ ಡಬ್ಬಗಳ ನಡುವೆ, ತಲೆಯ ಮೇಲೆ ಹಾದುಹೋದ ನೂರು ವೈರುಗಳ ಕೆಳಗೆ ತುಳಸಿಕಟ್ಟೆ. ಎಲೆಗಳ ಮೇಲೆ ಸೌಕಾರ್‌ಪೇಟೆಯ ಧೂಳು ಬೂದಿಯಂತೆ ಕೂತಿತ್ತು. ಹಿರಿಯರು ಪಂಚೆ ಉಟ್ಟು, ಕೈಯಲ್ಲಿ ನೀರಿನ ತಂಬಿಗೆ ಹಿಡಿದು, ತೊಳೆದೇ ಕೊಡುವವರಂತೆ ನಿಂತಿದ್ದರು.

"ಏನ್ ರಾಯರೇ, ನೀವೂ ಹೀಗಂದ್ರೆ ಹೇಗೆ? ಈ ಧೂಳು ನೋಡಿ. ಹೀಗೇ ತಗೊಂಡು ಹೋಗಿ ದೇವರ ತಲೆ ಮೇಲೆ ಇಡ್ತೀರಾ?"

ನಾನು ಬಾಯಿ ತೆರೆದೆ. ಮಾವನವರು ನನ್ನ ಕಡೆ ತಿರುಗದೆಯೇ ಕೈ ಅಡ್ಡ ಹಿಡಿದು ಸುಮ್ಮನಿರಿಸಿದರು. ಕಾಗದದ ಕವರಿನ ಬಾಯಿ ಬಿಡಿಸಿ ಮುಂದೆ ಹಿಡಿದರು.

"ಇದು ದೇವರಿಗಲ್ಲ. ನಮ್ಮ ಸೊಸೇಗೆ. ಅವಳಿಗೆ ಹೀಗೇ ಬೇಕು, ಹೀಗೇ ಕೊಡಿ."

ಹಿರಿಯರು ನನ್ನನ್ನು ಒಮ್ಮೆ ನೋಡಿದರು, ಅವರನ್ನು ಒಮ್ಮೆ ನೋಡಿದರು. ಆಮೇಲೆ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು, ಬಗ್ಗಿ, ಧೂಳಿನ ಸಮೇತ ಒಂಬತ್ತು ಎಲೆ ಬಿಡಿಸಿ ಕವರಿಗೆ ಹಾಕಿದರು.